ಉತ್ತರ ಸ್ಕಾಟ್ಲೆಂಡಿನಲ್ಲಿ ಕಾರು ಪ್ರವಾಸ: ಯೋಜನೆಯ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಿಂದ ಬೆಳಗಾವಿಗೆ 500 ಕಿಲೋಮೀಟರನ್ನು ಒಂದೇ ಹಗಲಿನಲ್ಲಿ ಓಡಿಸಿ ಅಭ್ಯಾಸವಿರುವವರು ಉತ್ತರ ಸ್ಕಾಟ್ಲೆಂಡಿನ ನಕ್ಷೆ ನೋಡಿದ ಕೂಡಲೇ ತಪ್ಪು ಲೆಕ್ಕ ಹಾಕುತ್ತಾರೆ. 2015ರಲ್ಲಿ ‘ನಾರ್ತ್ ಕೋಸ್ಟ್ 500’ ಎಂಬ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ಸುತ್ತುದಾರಿ ಇನ್ವರ್ನೆಸ್ ಕೋಟೆಯಿಂದ ಹೊರಟು ಅಲ್ಲಿಗೇ ಮರಳುತ್ತದೆ. ಉದ್ದ 516 ಮೈಲಿ, ಅಂದರೆ ಸುಮಾರು 830 ಕಿ.ಮೀ. ‘ಇಷ್ಟೇನಾ, ಮೂರು ದಿನ ಸಾಕು’ ಎಂದುಕೊಳ್ಳುತ್ತಾರೆ. ಮೂರು ದಿನದಲ್ಲಿ ಸುತ್ತಿ ಮುಗಿಸಲು ಸಾಧ್ಯವಿದೆ. ಆದರೆ ಗಾಡಿ ಓಡಿಸಿದವರಿಗೆ ಟಾರು ಮತ್ತು ಎದುರು ಬಂದ ಗಾಡಿಗಳ ಹೊರತು ಏನೂ ಕಂಡಿರುವುದಿಲ್ಲ. ಹಿಂದಿನ ಸೀಟಿನವರು ಅರ್ಧ ದಾರಿ ನಿದ್ದೆ ಮಾಡಿರುತ್ತಾರೆ.

ಆದ್ದರಿಂದ ನನ್ನ ಸಲಹೆ ಒಂದೇ. ಯೋಜನೆಯನ್ನು ದೂರದಿಂದ ಶುರು ಮಾಡಬೇಡಿ, ರಾತ್ರಿ ತಂಗುವ ಊರುಗಳಿಂದ ಶುರು ಮಾಡಿ. ಊರು ಕಡಿಮೆ ಇರಲಿ, ಒಂದೊಂದರಲ್ಲೂ ಎರಡು ರಾತ್ರಿ ಇರಲಿ. ಮುಂದಿನ ಎಲ್ಲ ಹೆಜ್ಜೆಗಳೂ ಈ ಮಾತನ್ನೇ ಹಿಡಿದು ಸಾಗುತ್ತವೆ.

ಮೊದಲ ಹೆಜ್ಜೆ: ದಿನಗಳ ಲೆಕ್ಕ

ಪಶ್ಚಿಮ ಮತ್ತು ಉತ್ತರ ಕರಾವಳಿಯ ಬಹುಪಾಲು ರಸ್ತೆಗಳಲ್ಲಿ ಒಂದು ಕಾರು ಹೋಗುವಷ್ಟೇ ಜಾಗ. ಅಲ್ಲಿಗೆ ನಾನು ಹಾಕುವ ಲೆಕ್ಕ ಗಂಟೆಗೆ 45 ಕಿ.ಮೀ. ಮೊಬೈಲ್ ನಕ್ಷೆ ಮೂರು ಗಂಟೆ ಎಂದರೆ ನಾಲ್ಕು ಎಂದು ಬರೆದುಕೊಳ್ಳಿ. ಕುರಿಮಂದೆ ರಸ್ತೆಯಲ್ಲೇ ಮಲಗಿರುತ್ತದೆ, ಮುಂದೆ ಸೈಕಲ್ ಸವಾರರಿರುತ್ತಾರೆ, ತಿರುವಿನಾಚೆ ಕಡಲು ಕಂಡೊಡನೆ ನೀವೇ ನಿಲ್ಲಿಸುತ್ತೀರಿ. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಓಡಿಸುವುದಿಲ್ಲ ಎಂದು ಮನೆಯಲ್ಲೇ ನಿಶ್ಚಯಿಸಿಕೊಂಡು ಹೊರಡುವುದು ಒಳ್ಳೆಯದು.

ಇಡೀ ಸುತ್ತಿಗೆ ಹತ್ತು ರಾತ್ರಿ ಬೇಕು. ಇನ್ವರ್ನೆಸ್‌ನಲ್ಲಿ ಮೊದಲ ರಾತ್ರಿ, ವಿಕ್ ಅಥವಾ ಥರ್ಸೊ ಬಳಿ ಎರಡು, ಡರ್ನೆಸ್ ಸುತ್ತಮುತ್ತ ಎರಡು, ಲಾಕಿನ್ವರ್ ಅಥವಾ ಅಲ್ಲಪೂಲ್‌ನಲ್ಲಿ ಎರಡು, ಟಾರಿಡನ್ ಅಥವಾ ಗೇರ್‌ಲಾಕ್ ಬಳಿ ಎರಡು, ಕೊನೆಯದು ಮತ್ತೆ ಇನ್ವರ್ನೆಸ್‌ನಲ್ಲಿ.

ಏಳು ದಿನ ಮಾತ್ರ ಇದ್ದರೆ ಸುತ್ತು ಪೂರ್ತಿ ಮಾಡುವ ಹಟ ಬಿಡಿ. ಇನ್ವರ್ನೆಸ್‌ನಿಂದ ನೇರ ಪಶ್ಚಿಮಕ್ಕೆ ಅಲ್ಲಪೂಲ್, ಅಲ್ಲಿಂದ ದಕ್ಷಿಣಕ್ಕೆ ಟಾರಿಡನ್, ಆಪಲ್‌ಕ್ರಾಸ್ ನೋಡಿ ಹಿಂತಿರುಗಿ. ಈ ನಾಡಿನ ಅತ್ಯುತ್ತಮ ನೋಟಗಳೆಲ್ಲ ಈ ತುಂಡಿನಲ್ಲೇ ಇವೆ. ಸ್ಕೈ ದ್ವೀಪವನ್ನೂ ‘ಹಾಗೇ ಒಂದು ದಿನ’ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. 1995ರಿಂದ ಸೇತುವೆಯಿದೆ, ಟೋಲ್ ಕೂಡ 2004ರಲ್ಲಿ ತೆಗೆದರು, ಹೋಗುವುದು ಸುಲಭವೇ. ಆದರೆ ಸ್ಕೈಗೆ ಮೂರು ರಾತ್ರಿ ಕೊಡಲು ಆಗದಿದ್ದರೆ ಅದನ್ನು ಇನ್ನೊಂದು ಪ್ರವಾಸಕ್ಕೆ ಉಳಿಸಿಕೊಳ್ಳಿ.

ಎರಡನೇ ಹೆಜ್ಜೆ: ತಿಂಗಳ ಆಯ್ಕೆ

ನನ್ನ ಮತ ಮೇ ತಿಂಗಳಿಗೆ, ತಪ್ಪಿದರೆ ಜೂನ್ ಮೊದಲ ಅರ್ಧಕ್ಕೆ. ಪಶ್ಚಿಮದ ಬೆಟ್ಟಗಳಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗಿನ ಕಾಲ ವರ್ಷದ ಉಳಿದ ಭಾಗಕ್ಕಿಂತ ಒಣ. ಕಡಲ ಬಂಡೆಗಳಲ್ಲಿ ಪಫಿನ್ ಹಕ್ಕಿಗಳು ಗೂಡು ಮಾಡಿರುತ್ತವೆ. ಜುಲೈ ಕೊನೆಯ ಹೊತ್ತಿಗೆ ಅವು ಮತ್ತೆ ಸಾಗರ ಸೇರುತ್ತವೆ. ಸ್ಥಳೀಯ ಶಾಲೆಗಳ ರಜೆ ಜೂನ್ ಕೊನೆಯಲ್ಲಿ ಆರಂಭ, ಹಾಗಾಗಿ ಅದಕ್ಕೂ ಮೊದಲು ರಸ್ತೆಯೂ ಕೋಣೆಗಳೂ ಸ್ವಲ್ಪ ಖಾಲಿ. ಕರ್ನಾಟಕದ ಬೇಸಿಗೆ ರಜೆಗೂ ಇದು ಹೊಂದುತ್ತದೆ.

ಜೂನ್ ಕೊನೆಯಲ್ಲಿ ಇನ್ವರ್ನೆಸ್‌ನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತು ಕಾಲು ದಾಟಿರುತ್ತದೆ. ಹದಿನೆಂಟು ಗಂಟೆ ಹಗಲು. ಸಣ್ಣ ಮಕ್ಕಳನ್ನು ಮಲಗಿಸಲು ಕಿಟಕಿಗೆ ದಪ್ಪ ಪರದೆ ಇದೆಯೇ ಎಂದು ಕೋಣೆ ಕಾದಿರಿಸುವಾಗಲೇ ಕೇಳಿ. ಡಿಸೆಂಬರಿನಲ್ಲಿ ಇದರ ಉಲ್ಟಾ: ಮಧ್ಯಾಹ್ನ ಮೂರೂವರೆಗೆ ಕತ್ತಲು. ಅನೇಕ ಕೋಟೆ, ಮ್ಯೂಸಿಯಂ, ಹೋಟೆಲುಗಳು ಚಳಿಗಾಲಕ್ಕೆ ಬಾಗಿಲು ಹಾಕುತ್ತವೆ, ಎತ್ತರದ ರಸ್ತೆಗಳು ಹಿಮಕ್ಕೆ ಮುಚ್ಚುತ್ತವೆ. ರಾತ್ರಿಯ ಆಕಾಶದಲ್ಲಿ ಬಣ್ಣಬಣ್ಣವಾಗಿ ಹೊಳೆಯುವ ಉತ್ತರದ ಬೆಳಕು (ಅರೋರಾ) ಕಾಣಬಹುದೆಂಬ ಆಸೆಯಿಂದ ಚಳಿಗಾಲದಲ್ಲಿ ಹೋಗುವವರು ಇನ್ವರ್ನೆಸ್‌ನಲ್ಲೇ ತಂಗಿ, ಹತ್ತಿರದ್ದನ್ನಷ್ಟೇ ನೋಡಲಿ. ಮೇ ಆಗದವರಿಗೆ ಸೆಪ್ಟೆಂಬರಿನ ದ್ವಿತೀಯಾರ್ಧ: ಜರೀಗಿಡಗಳು ಕಂದುಗೆಂಪಾಗಿ, ಗಂಡು ಜಿಂಕೆಗಳು ಬೆದೆಯ ಕೂಗು ಹಾಕಲು ತೊಡಗುವ ಕಾಲ.

ಮೂರನೇ ಹೆಜ್ಜೆ: ಮೊದಲು ಹಾಸಿಗೆ, ಆಮೇಲೆ ವಿಮಾನ

ಡರ್ನೆಸ್, ಟಾರಿಡನ್, ಆಪಲ್‌ಕ್ರಾಸ್ ಎಂಬ ಹೆಸರುಗಳನ್ನು ನಕ್ಷೆಯಲ್ಲಿ ದಪ್ಪಕ್ಷರದಲ್ಲಿ ನೋಡಿ ಪಟ್ಟಣವೆಂದು ಭಾವಿಸಬೇಡಿ. ಬೆರಳೆಣಿಕೆಯ ಮನೆ, ಒಂದೆರಡು ತಂಗುದಾಣ, ಒಂದು ಅಂಗಡಿ. ಬೇಸಿಗೆಗೆ ಆರು ತಿಂಗಳ ಮೊದಲೇ ಇಲ್ಲಿ ಕೋಣೆಗಳು ಭರ್ತಿಯಾಗುತ್ತವೆ. ಆದ್ದರಿಂದ ಮೊದಲು ಈ ದೂರದ ಊರುಗಳ ಕೋಣೆ ಹಿಡಿಯಿರಿ, ರದ್ದು ಮಾಡಿದರೆ ಹಣ ಮರಳುವಂಥದ್ದನ್ನೇ ಆರಿಸಿ. ನಂತರ ವಿಮಾನದ ಟಿಕೆಟ್. ಇನ್ವರ್ನೆಸ್, ವಿಕ್, ಥರ್ಸೊಗಳಲ್ಲಿ ಆಮೇಲೂ ಜಾಗ ಸಿಗುತ್ತದೆ.

ತಂಗುವುದಕ್ಕೆ ಮನೆಯವರೇ ನಡೆಸುವ, ಬೆಳಗಿನ ತಿಂಡಿ ಕೊಡುವ ಬಿ ಅಂಡ್ ಬಿಗಳು, ಅಡುಗೆಮನೆ ಇರುವ ಬಾಡಿಗೆ ಮನೆಗಳು, ಹಾಸ್ಟೆಲುಗಳು ಇವೆ. ನಾಲ್ಕು ಜನರ ಕುಟುಂಬಕ್ಕೆ, ಅದರಲ್ಲೂ ಸಸ್ಯಾಹಾರಿಗಳಿಗೆ, ಅಡುಗೆಮನೆ ಇರುವ ಮನೆಯೇ ಲೇಸು. ಕೆಲವರು ಒಂದು ರಾತ್ರಿಗೆ ಕೊಡುವುದಿಲ್ಲ. ಎರಡು ರಾತ್ರಿಯ ನಿಯಮ ಇಲ್ಲಿಯೂ ಕೈಹಿಡಿಯುತ್ತದೆ.

ಮೋಟರ್‌ಹೋಮ್ ಬಾಡಿಗೆ ಪಡೆದು ಎಲ್ಲೆಂದರಲ್ಲಿ ನಿಲ್ಲಿಸಿ ಮಲಗಬಹುದು ಎಂಬ ಕಲ್ಪನೆ ವಿಡಿಯೋಗಳಿಂದ ಹುಟ್ಟಿದ್ದು. 2003ರ ಭೂಸುಧಾರಣಾ ಕಾಯಿದೆ ಸ್ಕಾಟ್ಲೆಂಡಿನ ಬಯಲು, ಬೆಟ್ಟ, ಕಡಲತೀರಗಳಲ್ಲಿ ಜವಾಬ್ದಾರಿಯಿಂದ ನಡೆದಾಡುವ, ಪುಟ್ಟ ಡೇರೆ ಹಾಕುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಆದರೆ ಆ ಹಕ್ಕು ಕಾಲ್ನಡಿಗೆಯವರಿಗೆ, ಸೈಕಲ್ಲಿನವರಿಗೆ. ಮೋಟಾರು ವಾಹನಕ್ಕೆ ಅನ್ವಯಿಸುವುದಿಲ್ಲ. ಜೊತೆಗೆ ಆ ದೊಡ್ಡ ಗಾಡಿಯನ್ನು ಇಕ್ಕಟ್ಟಿನ ರಸ್ತೆಯಲ್ಲಿ ಹಿಂದಕ್ಕೆ ತೆಗೆಯುವ ಪಾಡು. ಮೊದಲ ಸಲ ಹೋಗುವವರಿಗೆ ನಾನು ಅದನ್ನು ಹೇಳುವುದೇ ಇಲ್ಲ.

ನಾಲ್ಕನೇ ಹೆಜ್ಜೆ: ವೀಸಾ ಮತ್ತು ಇನ್ವರ್ನೆಸ್ ತಲುಪುವುದು

ಭಾರತದ ಪಾಸ್‌ಪೋರ್ಟಿನವರಿಗೆ ಬ್ರಿಟನ್ನಿನ ಸಂದರ್ಶಕರ ವೀಸಾ ಬೇಕು. ಯೂರೋಪಿನ ಶೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ. ಸ್ಕಾಟ್ಲೆಂಡಿಗೆಂದು ಪ್ರತ್ಯೇಕ ವೀಸಾ ಇಲ್ಲ. ಪ್ರಯಾಣಕ್ಕೆ ಮೂರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ.

ಬೆಂಗಳೂರಿನಿಂದ ಲಂಡನ್‌ಗೆ ನೇರ ವಿಮಾನಗಳಿವೆ. ಅಲ್ಲಿಂದ ಇನ್ವರ್ನೆಸ್‌ಗೆ ಇನ್ನೊಂದು ವಿಮಾನ ಹಿಡಿಯಬಹುದು, ಇಲ್ಲವೇ ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ರಾತ್ರಿ ಹೊರಡುವ ಕ್ಯಾಲಿಡೋನಿಯನ್ ಸ್ಲೀಪರ್ ರೈಲು ಹತ್ತಬಹುದು. ಶನಿವಾರ ರಾತ್ರಿ ಅದು ಓಡುವುದಿಲ್ಲ. ಬೆಳಗಾಗ ಎದ್ದು ಪರದೆ ಸರಿಸಿದರೆ ಕೇರ್ನ್‌ಗಾರ್ಮ್ ಬೆಟ್ಟಗಳ ನಡುವೆ ಇರುತ್ತೀರಿ. ಎಡಿನ್‌ಬರೊದಿಂದ ಇನ್ವರ್ನೆಸ್‌ಗೆ ರೈಲಿನಲ್ಲಿ ಮೂರೂವರೆ ಗಂಟೆ. ಸುದೀರ್ಘ ವಿಮಾನ ಪ್ರಯಾಣ ಮುಗಿಸಿ ಅದೇ ದಿನ ಕಾರಿನ ಕೀಲಿ ತೆಗೆದುಕೊಳ್ಳುವುದು ಬೇಡ. ಇನ್ವರ್ನೆಸ್‌ನಲ್ಲಿ ನಿದ್ದೆ ತೀರಿಸಿಕೊಂಡು ಮರುದಿನ ಬೆಳಿಗ್ಗೆ ಗಾಡಿ ಪಡೆಯಿರಿ.

ಓಡಿಸಲು ಬಾರದವರೂ ನಿರಾಶರಾಗಬೇಕಿಲ್ಲ. ಇನ್ವರ್ನೆಸ್‌ನಿಂದ ಥರ್ಸೊ, ವಿಕ್‌ಗೆ ಹೋಗುವ ರೈಲು ಪೂರ್ವ ತೀರವನ್ನೂ ಜೌಗು ಬಯಲನ್ನೂ ತೋರಿಸುತ್ತದೆ. ಕೈಲ್ ಆಫ್ ಲಾಕಾಲ್ಶ್‌ಗೆ ಹೋಗುವ ರೈಲು ಎರಡೂವರೆ ಗಂಟೆಯಲ್ಲಿ ಪೂರ್ವ ಕಡಲಿನಿಂದ ಪಶ್ಚಿಮ ಕಡಲಿಗೆ ದಾಟಿಸುತ್ತದೆ.

ಐದನೇ ಹೆಜ್ಜೆ: ಕಾರು

ಇಲ್ಲಿ ನಮಗೆ ಅಮೆರಿಕ, ಯೂರೋಪಿನವರಿಗಿಲ್ಲದ ಅನುಕೂಲವಿದೆ. ಬ್ರಿಟನ್ನಿನಲ್ಲೂ ರಸ್ತೆಯ ಎಡಭಾಗ, ಬಲಗಡೆ ಸ್ಟಿಯರಿಂಗ್, ಎಡಗೈಯಲ್ಲಿ ಗೇರ್. ಭಾರತದ ಲೈಸೆನ್ಸ್‌ನಲ್ಲಿ ಪ್ರವಾಸಿಗರು ಬಂದ ದಿನದಿಂದ 12 ತಿಂಗಳು ಕಾರು ಓಡಿಸಬಹುದು. ಕೆಲವು ಬಾಡಿಗೆ ಕಂಪನಿಗಳು ಅಂತರರಾಷ್ಟ್ರೀಯ ಪರವಾನಗಿಯನ್ನೂ ಕೇಳುವುದರಿಂದ ಆರ್‌ಟಿಒದಲ್ಲಿ ಅದನ್ನು ಮಾಡಿಸಿಕೊಂಡರೆ ಕೌಂಟರಿನಲ್ಲಿ ವಾದ ತಪ್ಪುತ್ತದೆ. ಬ್ರಿಟನ್ನಿನಲ್ಲೇ ನೆಲೆಸಿದ ಕನ್ನಡಿಗರ ವಿಷಯ ಬೇರೆ. ವರ್ಷ ಕಳೆದ ಮೇಲೆ ಅವರಿಗೆ ಅಲ್ಲಿನ ಲೈಸೆನ್ಸೇ ಬೇಕು.

ಚಿಕ್ಕ ಕಾರು ತೆಗೆದುಕೊಳ್ಳಿ. ನಾಲ್ವರು, ನಾಲ್ಕು ಸೂಟ್‌ಕೇಸ್ ಎಂದು ದೊಡ್ಡ ಗಾಡಿಗೆ ಹೋಗುವ ಬದಲು ಸೂಟ್‌ಕೇಸ್ ಕಡಿಮೆ ಮಾಡಿ. ವಿಮೆ ಓದುವಾಗ ಟೈರು, ಗಾಜು, ಗಾಡಿಯ ಅಡಿಭಾಗ ಸೇರಿದೆಯೇ ಎಂದು ಬಾಯಿಬಿಟ್ಟು ಕೇಳಿ. ಅಲ್ಲಿನ ರಸ್ತೆಯಲ್ಲಿ ಪೆಟ್ಟು ಬೀಳುವುದು ಅಲ್ಲಿಗೇ. ಸ್ಟೆಪ್ನಿ ಇದೆಯೇ, ಪಂಕ್ಚರ್ ಕಿಟ್ ಮಾತ್ರವೇ ಎಂಬುದನ್ನು ಹೊರಡುವ ಮುನ್ನ ಡಿಕ್ಕಿ ತೆರೆದು ನೋಡಿ. ಮುಖ್ಯ ಚಾಲಕನ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು, ಠೇವಣಿ ಹಿಡಿಯುತ್ತಾರೆ. 12 ವರ್ಷದೊಳಗಿನ, 135 ಸೆಂ.ಮೀ.ಗಿಂತ ಗಿಡ್ಡಗಿರುವ ಮಕ್ಕಳಿಗೆ ಅವರ ಅಳತೆಯ ಸೀಟು ಕಡ್ಡಾಯ. ಅದನ್ನೂ ಮೊದಲೇ ಹೇಳಿಡಿ.

ಫಲಕಗಳೆಲ್ಲ ಮೈಲಿಯಲ್ಲಿ. ಸಾಮಾನ್ಯ ರಸ್ತೆಯಲ್ಲಿ ಕಾರಿನ ಗರಿಷ್ಠ ಮಿತಿ ಗಂಟೆಗೆ 60 ಮೈಲಿ, ಅಂದರೆ 96 ಕಿ.ಮೀ. ಒಂಟಿ ಪಥದಲ್ಲೂ ಕಾಗದದ ಮೇಲೆ ಅದೇ ಮಿತಿ. ಹಾಗೆಂದು ಓಡಿಸಿದರೆ ಮೊದಲ ತಿರುವಿನಲ್ಲೇ ಕುರಿ ಎದುರಾಗುತ್ತದೆ. ಕುಡಿದು ಓಡಿಸುವ ಮಿತಿ 2014ರಿಂದ ಇಲ್ಲಿ ಇಂಗ್ಲೆಂಡಿಗಿಂತ ಕಠಿಣ. ವಿಸ್ಕಿ ಭಟ್ಟಿಗೆ ಹೋದರೆ ಓಡಿಸುವವರಿಗೆ ಸಣ್ಣ ಸೀಸೆಯಲ್ಲಿ ಕಟ್ಟಿಕೊಡುವ ಪದ್ಧತಿ ಅನೇಕ ಕಡೆ ಇದೆ, ಕೇಳಿ ಪಡೆಯಿರಿ.

ಪೆಟ್ರೋಲ್ ಅರ್ಧಕ್ಕೆ ಇಳಿದಾಗಲೇ ತುಂಬಿಸಿ. ಉತ್ತರ ತೀರದಲ್ಲಿ ಬಂಕ್‌ಗಳು ದೂರ ದೂರ. ಬಂಕಿನಲ್ಲಿ ನೀವೇ ಹಾಕಿಕೊಳ್ಳಬೇಕು: ಹಸಿರು ಪೆಟ್ರೋಲ್, ಕಪ್ಪು ಡೀಸೆಲ್.

ಆರನೇ ಹೆಜ್ಜೆ: ಒಂಟಿ ಪಥದ ಶಿಷ್ಟಾಚಾರ

ಇದೊಂದನ್ನು ಮನೆಯಲ್ಲೇ ಅರಗಿಸಿಕೊಳ್ಳಿ. ರಸ್ತೆಯ ಬದಿಯಲ್ಲಿ ಅಲ್ಲಲ್ಲಿ ಒಂದು ಕಾರು ಹಿಡಿಯುವಷ್ಟು ಅಗಲ ಮಾಡಿ ‘ಪಾಸಿಂಗ್ ಪ್ಲೇಸ್’ ಎಂಬ ಬಿಳಿ ಫಲಕ ನೆಟ್ಟಿರುತ್ತಾರೆ. ಎದುರು ಗಾಡಿ ಕಂಡಾಗ ಆ ಜಾಗ ನಿಮ್ಮ ಎಡಕ್ಕಿದ್ದರೆ ಒಳಗೆ ಸರಿದು ನಿಲ್ಲಿ. ಬಲಕ್ಕಿದ್ದರೆ ದಾಟಿ ಹೋಗಬೇಡಿ: ನಿಮ್ಮ ಪಥದಲ್ಲೇ ಅದರ ಪಕ್ಕಕ್ಕೆ ನಿಂತುಕೊಳ್ಳಿ, ಎದುರಿನವರು ಬಂದು ಅದರಲ್ಲಿ ಸರಿದು ನಿಮ್ಮನ್ನು ದಾಟುತ್ತಾರೆ. ಬಲಗಡೆಯ ಜಾಗಕ್ಕೆ ನೀವೇ ನುಗ್ಗಿದರೆ ಎದುರಿನವರು ಏನು ಮಾಡಬೇಕೆಂದು ತಿಳಿಯದೆ ನಿಂತುಬಿಡುತ್ತಾರೆ. ಏರು ಹತ್ತುತ್ತಿರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ದಾಟುವಾಗ ಕೈ ಎತ್ತಿ ವಂದಿಸುವುದು ರೂಢಿ. ಮೊದಲ ದಿನ ಮುಜುಗರ, ಮೂರನೇ ದಿನಕ್ಕೆ ಕೈ ತಾನಾಗಿ ಏಳುತ್ತದೆ.

ಹಿಂದಿನಿಂದ ಗಾಡಿ ಅಂಟಿಕೊಂಡು ಬಂದರೆ ಅದು ಆ ಊರಿನ ದಾದಿಯೋ, ಅಂಚೆಯವನೋ ಆಗಿರಬಹುದು. ಎಡಗಡೆ ಸರಿದು ಬಿಟ್ಟುಕೊಡಿ. ಹಾರ್ನ್ ಮಾತ್ರ ಬೇಡ. ನಾವು ‘ಬರುತ್ತಿದ್ದೇನೆ’ ಎಂದು ಹೊಡೆಯುವ ಹಾರ್ನ್ ಅಲ್ಲಿ ಬೈಗುಳ. ಫೋಟೋಗೆಂದು ಪಾಸಿಂಗ್ ಪ್ಲೇಸಿನಲ್ಲಿ ಗಾಡಿ ನಿಲ್ಲಿಸಿ ಇಳಿದುಹೋಗುವುದು ಅದಕ್ಕಿಂತಲೂ ದೊಡ್ಡ ಅಪರಾಧ. ಸ್ಥಳೀಯರು ಪ್ರವಾಸಿಗರ ಮೇಲೆ ಸಿಡುಕುವುದು ಹೆಚ್ಚಾಗಿ ಇದಕ್ಕೇ.

ಏಳನೇ ಹೆಜ್ಜೆ: ಯಾವ ದಿಕ್ಕಿನಲ್ಲಿ ಸುತ್ತುವುದು

ಪಶ್ಚಿಮದಿಂದ ಶುರು ಮಾಡಿ ಪ್ರದಕ್ಷಿಣೆಯಾಗಿ ಸುತ್ತಿ ಎನ್ನುವವರು ಬಹಳ. ನಾನು ಅಪ್ರದಕ್ಷಿಣೆಯ ಪಕ್ಷ. ಪೂರ್ವ ತೀರದ ಎ9 ಎರಡು ಪಥದ ಒಳ್ಳೆಯ ರಸ್ತೆ, ಹೊಸ ಗಾಡಿಗೆ ಕೈ ಹೊಂದಿಸಿಕೊಳ್ಳಲು ಸರಿಯಾದ ಜಾಗ. ಉತ್ತರ ತೀರದಲ್ಲಿ ಒಂಟಿ ಪಥ ಆರಂಭವಾಗುವ ಹೊತ್ತಿಗೆ ಧೈರ್ಯ ಬಂದಿರುತ್ತದೆ. ನೋಟವೂ ಮೆಲ್ಲಮೆಲ್ಲನೆ ಏರುತ್ತಾ ಹೋಗುತ್ತದೆ; ಪಶ್ಚಿಮವನ್ನು ಮೊದಲೇ ನೋಡಿದವರಿಗೆ ಪೂರ್ವ ಸಪ್ಪೆ ಎನಿಸಿ, ಕೊನೆಯ ಎರಡು ದಿನ ಬರೀ ಹಿಂತಿರುಗುವ ದಾರಿಯಾಗಿಬಿಡುತ್ತದೆ.

ಪೂರ್ವ ತೀರ: ಇನ್ವರ್ನೆಸ್‌ನಿಂದ ವಿಕ್

ಸುಮಾರು 165 ಕಿ.ಮೀ. ಮೂರು ಕಡೆ ನಿಲ್ಲಿ.

ಮೊದಲನೆಯದು ಅಲ್ನೆಸ್ ಊರಿನ ಮೇಲಿನ ಫೈರಿಶ್ ಗುಡ್ಡ. ಬಹುತೇಕ ಪ್ರವಾಸಿಗರು ಇದನ್ನು ದಾಟಿ ಹೋಗುತ್ತಾರೆ, ಕನ್ನಡಿಗರು ಹೋಗಬಾರದು. 453 ಮೀಟರ್ ಎತ್ತರದ ತುದಿಯಲ್ಲಿ ಕಲ್ಲಿನ ಕಮಾನುಗಳ ಸಾಲೊಂದು ನಿಂತಿದೆ. ಕಟ್ಟಿಸಿದವನು ಈ ಸೀಮೆಯ ಜಮೀನುದಾರ ಸರ್ ಹೆಕ್ಟರ್ ಮನ್ರೊ, 1782ರಲ್ಲಿ. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪು ಕರ್ನಲ್ ಬೇಲಿಯ ಪಡೆಯನ್ನು ನುಚ್ಚುನೂರು ಮಾಡಿದಾಗ, ಹತ್ತಿರದಲ್ಲೇ ಇದ್ದೂ ನೆರವಿಗೆ ಬಾರದೆ ಮದ್ರಾಸಿನತ್ತ ಹಿಮ್ಮೆಟ್ಟಿದ ಸೇನಾಪತಿ ಇವನೇ. ಮರುವರ್ಷ ಡಚ್ಚರಿಂದ ನಾಗಪಟ್ಟಣವನ್ನು ಗೆದ್ದು ಮಾನ ಉಳಿಸಿಕೊಂಡ. ಗುಡ್ಡದ ಮೇಲಿನ ಕಮಾನು ಆ ನಾಗಪಟ್ಟಣದ ಕೋಟೆಬಾಗಿಲಿನ ಪ್ರತಿರೂಪ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯ ಮೇಲೆ ಪೊಳ್ಳಿಲೂರಿನ ಚಿತ್ರವನ್ನು ನೋಡಿದವರು ಇಲ್ಲಿ ನಿಂತರೆ ಅದೇ ಕಥೆಯನ್ನು ಸೋತವನು ಹೇಗೆ ಹೇಳಿಕೊಂಡ ಎಂಬುದು ಕಾಣುತ್ತದೆ: ಸೋಲಿನ ಸುದ್ದಿಯೇ ಇಲ್ಲ. ಊರಿನ ಬಡವರಿಗೆ ಕೆಲಸ ಕೊಡಲೆಂದು ಕಟ್ಟಿಸಿದನಂತೆ. ಹತ್ತಿಸಿದ ಕಲ್ಲನ್ನು ರಾತ್ರಿ ಉರುಳಿಸಿ, ಮತ್ತೆ ಹತ್ತಿಸಲು ಕೂಲಿ ಕೊಟ್ಟನೆಂಬ ಐತಿಹ್ಯವೂ ಇದೆ. ಪೈನ್ ಕಾಡಿನ ನಡುವೆ ಹತ್ತಿ ಇಳಿಯಲು ಎರಡರಿಂದ ಮೂರು ಗಂಟೆ ಬೇಕು.

ಎರಡನೆಯದು ಗಾಲ್ಸ್‌ಪಿ ಬಳಿಯ ಡನ್‌ರಾಬಿನ್ ಅರಮನೆ, ಮೂರನೆಯದು ಬ್ಯಾಡ್‌ಬಿ. ಇವೆರಡನ್ನು ಒಂದೇ ದಿನ, ಇದೇ ಕ್ರಮದಲ್ಲಿ ನೋಡಬೇಕು. ಡನ್‌ರಾಬಿನ್ ಸದರ್‌ಲೆಂಡ್ ಡ್ಯೂಕರ 189 ಕೋಣೆಗಳ ಮನೆ. ಲಂಡನ್ ಸಂಸತ್ ಭವನದ ವಾಸ್ತುಶಿಲ್ಪಿ ಚಾರ್ಲ್ಸ್ ಬ್ಯಾರಿ 1845ರಿಂದಾಚೆಗೆ ಅದಕ್ಕೆ ಈಗಿನ ರೂಪ ಕೊಟ್ಟ. ಉದ್ಯಾನದಲ್ಲಿ ಗಿಡುಗ ಹಾರಿಸುವ ಪ್ರದರ್ಶನವಿದೆ, ಮಕ್ಕಳಿಗೆ ಖುಷಿ. ಅಲ್ಲಿಂದ ಅರ್ಧ ಗಂಟೆಗಿಂತ ತುಸು ಹೆಚ್ಚು ಉತ್ತರಕ್ಕೆ ಹೋಗಿ, ಎ9ರ ಬದಿಯಲ್ಲಿ ಗಾಡಿ ನಿಲ್ಲಿಸಿ ಕಡಲಿನತ್ತ ಕಾಲುಗಂಟೆ ನಡೆದರೆ ಬ್ಯಾಡ್‌ಬಿಯ ಮುರುಕು ಗೋಡೆಗಳು. ಕುರಿ ಸಾಕಣೆಗೆಂದು ಜಮೀನುದಾರರು ಒಳನಾಡಿನ ಕಣಿವೆಗಳಿಂದ ಒಕ್ಕಲೆಬ್ಬಿಸಿದ ಜನ ಬಂದು ಬದುಕು ಕಟ್ಟಿಕೊಂಡ ಕಡಿದಾದ ಅಂಚು ಇದು. ಗಾಳಿಗೆ ಕಡಲ ಪಾಲಾಗದಿರಲೆಂದು ಮಕ್ಕಳನ್ನೂ ದನಗಳನ್ನೂ ಹಗ್ಗದಿಂದ ಗೂಟಕ್ಕೆ ಕಟ್ಟುತ್ತಿದ್ದರು. ಕೊನೆಯ ನಿವಾಸಿ ಬಿಟ್ಟುಹೋದದ್ದು 1911ರಲ್ಲಿ. ಉತ್ತರ ಸ್ಕಾಟ್ಲೆಂಡ್ ಇಷ್ಟು ‘ನಿರ್ಜನ ಸುಂದರ’ವಾಗಿ ಏಕಿದೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಕೇತ್ನೆಸ್: ತುತ್ತತುದಿ

ಜಾನ್ ಓ’ಗ್ರೋಟ್ಸ್‌ನ ಪ್ರಸಿದ್ಧ ಕೈಮರದ ಮುಂದೆ ಫೋಟೋ ಬೇಕೆನ್ನುವವರು ತೆಗೆಸಿಕೊಳ್ಳಲಿ, ಐದು ನಿಮಿಷ ಸಾಕು. ನಿಜವಾದ ನೋಟ ಅಲ್ಲಿಂದ ಸ್ವಲ್ಪ ದೂರದ ಡಂಕನ್ಸ್‌ಬಿ ಹೆಡ್‌ನದ್ದು: ದೀಪಸ್ತಂಭದಿಂದ ಹುಲ್ಲುಗಾವಲಿನ ಮೇಲೆ ನಡೆದರೆ ಕಡಲಿನಿಂದ ಮೇಲೆದ್ದ ಚೂಪು ಬಂಡೆಗಳು. ಬ್ರಿಟನ್ ಮುಖ್ಯಭೂಮಿಯ ಉತ್ತರದ ತುದಿಯೂ ಜಾನ್ ಓ’ಗ್ರೋಟ್ಸ್ ಅಲ್ಲ, ಪಶ್ಚಿಮಕ್ಕಿರುವ ಡನೆಟ್ ಹೆಡ್. ವಿಕ್‌ನ ದಕ್ಷಿಣಕ್ಕೆ ವೇಲಿಗೋ ಮೆಟ್ಟಿಲುಗಳಿವೆ. ಮುನ್ನೂರಕ್ಕೂ ಹೆಚ್ಚು ಕಲ್ಲುಮೆಟ್ಟಿಲುಗಳನ್ನು ಹೆಂಗಸರು ಹೆರಿಂಗ್ ಮೀನಿನ ಬುಟ್ಟಿ ಹೊತ್ತು ಹತ್ತಿ, ಮಾರಲು ವಿಕ್‌ಗೆ ನಡೆದು ಹೋಗುತ್ತಿದ್ದರು. ಮಳೆ ಬಂದಿದ್ದರೆ ಇಳಿಯಬೇಡಿ.

ಎರಡು ರಾತ್ರಿ ಹೆಚ್ಚಿಗೆ ಇದ್ದರೆ ಥರ್ಸೊ ಪಕ್ಕದ ಸ್ಕ್ರಾಬ್‌ಸ್ಟರ್‌ನಿಂದ ಒಂದೂವರೆ ಗಂಟೆಯ ಹಡಗಿನಲ್ಲಿ ಆರ್ಕ್ನಿ ದ್ವೀಪಗಳಿಗೆ ಹೋಗಬಹುದು. ಅಲ್ಲಿನ ಸ್ಕಾರಾ ಬ್ರೇ ಸುಮಾರು 5000 ವರ್ಷ ಹಳೆಯ ಊರು. ಕಲ್ಲಿನ ಮಂಚ, ಕಲ್ಲಿನ ಕಪಾಟುಗಳು ಇನ್ನೂ ಇದ್ದಲ್ಲೇ ಇವೆ. ಇತ್ತ ಒಳನಾಡಿನ ಫಾರ್ಸಿನಾರ್ಡ್‌ನಲ್ಲಿ, 2024ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಫ್ಲೋ ಕಂಟ್ರಿ ಸೀಮೆಯ ಪೀಟ್ (ಅರೆಕೊಳೆತ ಸಸ್ಯಗಳ ಮಣ್ಣು) ಜೌಗನ್ನು ಹಲಗೆ ದಾರಿಯ ಮೇಲೆ ನಡೆದು ನೋಡಬಹುದು.

ಉತ್ತರ ತೀರ: ಡರ್ನೆಸ್

ಟಂಗ್ ಊರು ದಾಟಿದ ಮೇಲೆ ಎ838 ರಸ್ತೆ ಲಾಕ್ ಎರಿಬಾಲ್ ಎಂಬ ಕಡಲತೋಳನ್ನು ಸುತ್ತಿಕೊಂಡು ಹೋಗುತ್ತದೆ. ಆ ದಡದ ಮನೆ ಎದುರಿಗೇ ಕಾಣುತ್ತದೆ, ತಲುಪಲು ಅರ್ಧ ಗಂಟೆ. ಡರ್ನೆಸ್‌ನಲ್ಲಿ ಸ್ಮೂ ಗುಹೆ ನೋಡಿ. ಮಳೆಯ ಮರುದಿನವಾದರೆ ಒಳಗಿನ ಜಲಪಾತ ಅಬ್ಬರಿಸುತ್ತಿರುತ್ತದೆ. ಬಾಲ್ನಾಕೀಲ್‌ನಲ್ಲಿ ಶೀತಲ ಸಮರದ ಕಾಲಕ್ಕೆ ಕಟ್ಟಿದ ಸೇನಾ ಕಟ್ಟಡಗಳು ಈಗ ಕುಶಲಕರ್ಮಿಗಳ ಊರಾಗಿವೆ.

ಎರಡನೇ ದಿನಕ್ಕೆ ಎರಡು ಆಯ್ಕೆ. ಮುಖ್ಯಭೂಮಿಯ ವಾಯವ್ಯ ತುದಿಯಾದ ಕೇಪ್ ರಾತ್‌ಗೆ ಹೋಗಲು ಸಣ್ಣ ದೋಣಿಯಲ್ಲಿ ಕಡಲತೋಳು ದಾಟಿ, ಮಿನಿಬಸ್ಸಿನಲ್ಲಿ 11 ಮೈಲಿ ಕುಲುಕಾಡಬೇಕು. ಆ ಪ್ರದೇಶ ಸೇನೆಯ ಗುಂಡು ಹಾರಿಸುವ ಅಭ್ಯಾಸಕ್ಕೂ ಬಳಕೆಯಾಗುವುದರಿಂದ, ಗಾಳಿಯೂ ಕಾರಣವಾಗಿ, ದೋಣಿ ಇಲ್ಲದ ದಿನಗಳಿರುತ್ತವೆ. ಇನ್ನೊಂದು ಸ್ಯಾಂಡ್‌ವುಡ್ ಕೊಲ್ಲಿ: ಬ್ಲೇರ್‌ಮೋರ್‌ನಿಂದ ಆರೂವರೆ ಕಿ.ಮೀ. ನಡೆದು ಹೋಗಬೇಕು, ಅಷ್ಟೇ ದೂರ ಮರಳಬೇಕು, ನಡುವೆ ಅಂಗಡಿ ಇಲ್ಲ, ನೆರಳಿಲ್ಲ. ನಡೆಯಬಲ್ಲವರಿಗೆ ನನ್ನ ಆಯ್ಕೆ ಇದೇ.

ಅಸಿಂಟ್ ಮತ್ತು ಅಲ್ಲಪೂಲ್

ಇಲ್ಲಿಂದ ಮುಂದೆ ಆತುರ ಪಡಬೇಡಿ. ಸ್ಕೌರಿ ಸುತ್ತಮುತ್ತ ರಸ್ತೆಬದಿಯ ಬೂದು ಪಟ್ಟೆಯ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ನಮ್ಮ ಲಾಲ್‌ಬಾಗ್ ಬಂಡೆಯ ಓರಗೆಯದು. ಅದರ ಮೇಲೆ ಕೆಂಪು ಮರಳುಗಲ್ಲಿನ ಒಂಟಿ ಬೆಟ್ಟಗಳು: ಸುಯಿಲ್ವೆನ್, ಸ್ಟ್ಯಾಕ್ ಪಾಲಿ. ಸ್ಟ್ಯಾಕ್ ಪಾಲಿ 612 ಮೀಟರ್. ತುದಿಯ ಬಂಡೆ ಹತ್ತದೆ ಸುತ್ತುಬಳಸಿ ಬಂದರೂ ನೋಟಕ್ಕೆ ಕೊರತೆಯಿಲ್ಲ.

ಅಲ್ಲಪೂಲ್‌ನ ಉತ್ತರಕ್ಕಿರುವ ನಾಕನ್ ಕ್ರ್ಯಾಗ್‌ನಲ್ಲಿ ಒಂದು ಗಂಟೆ ಕಳೆಯಿರಿ. ಕಾಲುದಾರಿಯ ಒಂದು ತಿರುವಿನಲ್ಲಿ ಮಾಸಲು ಸುಣ್ಣದ ಕಲ್ಲು ಕೆಳಗೆ, ಕಪ್ಪಗಿನ ಪದರಗಲ್ಲು ಮೇಲೆ. ಎರಡರ ನಡುವಿನ ಗೆರೆಯ ಮೇಲೆ ಅಂಗೈ ಇಡಬಹುದು. ಮೇಲಿನದು ಕೆಳಗಿನದಕ್ಕಿಂತ ಕೋಟ್ಯಂತರ ವರ್ಷ ಹಳೆಯದು. ಹಳೆಯ ಕಲ್ಲು ಹೊಸದರ ಮೇಲೆ ಹೇಗೆ ಬಂತು ಎಂದು ಹತ್ತೊಂಬತ್ತನೇ ಶತಮಾನದ ಭೂವಿಜ್ಞಾನಿಗಳು ಜಗಳವಾಡಿದರು. ನೆಲದ ಪದರಗಳು ಒಂದರ ಮೇಲೊಂದು ಜಾರಿ ಏರಿವೆ ಎಂದು ಬೆನ್ ಪೀಚ್ ಮತ್ತು ಜಾನ್ ಹಾರ್ನ್ ತೋರಿಸಿದ ಮೇಲೆ ವಿವಾದ ಮುಗಿಯಿತು.

ಅಲ್ಲಪೂಲ್ 1788ರಲ್ಲಿ ಹೆರಿಂಗ್ ಮೀನುಗಾರಿಕೆಗೆಂದು ಅಳೆದು ಕಟ್ಟಿದ ಊರು. ಈ ತೀರದಲ್ಲಿ ಸರಿಯಾದ ಅಂಗಡಿ, ಔಷಧ, ಬಂಕ್ ಎಲ್ಲ ಒಂದೇ ಕಡೆ ಸಿಗುವುದು ಇಲ್ಲೇ. ಇಲ್ಲಿಂದ ಲೂಯಿಸ್ ದ್ವೀಪದ ಸ್ಟಾರ್ನೊವೇಗೆ ಹಡಗು ಹೊರಡುತ್ತದೆ. ಟಿಪ್ಪು ಬಿದ್ದ ನಂತರ ಮೈಸೂರು ಸೀಮೆಯನ್ನು ಸರ್ವೆ ಮಾಡಿ, ನಮ್ಮ ಶಾಸನ, ಕಡತಗಳನ್ನು ರಾಶಿ ರಾಶಿಯಾಗಿ ಸಂಗ್ರಹಿಸಿದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಆ ಸ್ಟಾರ್ನೊವೇಯಲ್ಲಿ.

ಟಾರಿಡನ್ ಮತ್ತು ಆಪಲ್‌ಕ್ರಾಸ್ ಘಾಟಿ

ದಾರಿಯಲ್ಲಿ ಕಾರಿಶಾಲಕ್ ಕೊರಕಲು: ಸೇತುವೆಯ ಮೇಲೆ ನಿಂತು 46 ಮೀಟರ್ ಜಲಪಾತವನ್ನು ಕೆಳಮುಖವಾಗಿ ನೋಡಬಹುದು. ಪೂಲ್ಯೂ ಊರಿನ ಇನ್ವರ್ಯೂ ತೋಟವನ್ನು ಆಸ್ಗುಡ್ ಮೆಕೆಂಜಿ 1862ರಲ್ಲಿ ಬರಿ ಬಂಡೆಯ ಮೇಲೆ ಮಣ್ಣು ಹೊರಿಸಿ ಆರಂಭಿಸಿದ. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹದಿಂದಾಗಿ ಅಲ್ಲಿ ಹಿಮಾಲಯದ ರೋಡೋಡೆಂಡ್ರಾನ್, ಆಸ್ಟ್ರೇಲಿಯದ ನೀಲಗಿರಿ ಎರಡೂ ಬೆಳೆಯುತ್ತವೆ. ಮೇ ತಿಂಗಳಲ್ಲಿ ಹೂ.

ಕೊನೆಯದು ಆಪಲ್‌ಕ್ರಾಸ್‌ನ ಘಾಟಿ ರಸ್ತೆ, ಬ್ಯಾಲಖ್ ನ ಬಾ. ಹಿಂದೆ ದನಗಳನ್ನು ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದ ದಾರಿ. ಸಮುದ್ರಮಟ್ಟದಿಂದ 626 ಮೀಟರ್‌ಗೆ ಏರುತ್ತದೆ. ಆಗುಂಬೆ ಘಾಟಿಯ ಅರ್ಧ ಅಗಲ ಕತ್ತರಿಸಿ, ಮರಗಳನ್ನೆಲ್ಲ ತೆಗೆದುಹಾಕಿದರೆ ಹೇಗಿರುತ್ತದೋ ಹಾಗೆ. ಟಾರಿಡನ್‌ನಿಂದ ಹೊರಟು ಶೀಲ್ಡೇಗ್ ಮೂಲಕ ಕರಾವಳಿ ರಸ್ತೆಯಲ್ಲಿ ಆಪಲ್‌ಕ್ರಾಸ್ ತಲುಪಿ, ಊಟ ಮುಗಿಸಿ, ಬೆಟ್ಟದತ್ತ ತಲೆಯೆತ್ತಿ ನೋಡಿ. ತುದಿ ಕಾಣುತ್ತಿದ್ದರೆ ಹತ್ತಿ. ಮೋಡ ಕವಿದಿದ್ದರೆ ಬಂದ ದಾರಿಯಲ್ಲೇ ಮರಳಿ. ಆಚೆಬದಿಯ ಇಳಿತದಲ್ಲಿ ಎರಡನೇ ಗೇರ್ ಬಿಡಬೇಡಿ, ಬ್ರೇಕ್ ಮೇಲೆ ಕಾಲೂರಿ ಕೂರಬೇಡಿ. ಲೈಸೆನ್ಸ್ ಪಡೆದು ವರ್ಷವಾಗದವರು, ದೊಡ್ಡ ಗಾಡಿಯವರು ಇದನ್ನು ಬಿಟ್ಟುಬಿಡುವುದೇ ಸರಿ.

ಊಟ, ಬಟ್ಟೆ, ನೊರಜು

ಹಳ್ಳಿಯ ಹೋಟೆಲುಗಳಲ್ಲಿ ಅಡುಗೆಮನೆ ರಾತ್ರಿ ಎಂಟರ ಸುಮಾರಿಗೇ ಮುಚ್ಚುತ್ತದೆ. ಹೊರಗೆ ಬಿಸಿಲಿದೆಯಲ್ಲ ಎಂದು ಒಂಬತ್ತಕ್ಕೆ ಹೋದರೆ ಉಪವಾಸ. ಬೇಸಿಗೆಯಲ್ಲಿ ಮೇಜು ಮೊದಲೇ ಕಾದಿರಿಸಿ. ಸಸ್ಯಾಹಾರ ಎಲ್ಲ ಕಡೆ ಒಂದಿಷ್ಟು ಸಿಗುತ್ತದೆ, ಸ್ಕಾಟ್ಲೆಂಡಿನ ಹೆಸರಾಂತ ಮಾಂಸದ ಖಾದ್ಯ ಹ್ಯಾಗಿಸ್‌ನ ಸಸ್ಯಾಹಾರಿ ರೂಪ ಕೂಡ ಇದೆ: ಓಟ್ಸ್, ಬೇಳೆ, ಮೆಣಸಿನ ಪುಡಿಯ ಘಾಟು, ನಮ್ಮ ನಾಲಗೆಗೆ ಹಿಡಿಸುವಂಥದ್ದೇ. ಮನೆಯಿಂದ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ಒಯ್ಯಿರಿ. ತುಪ್ಪ, ಪೇಡೆ, ಹಾಲಿನ ಸಿಹಿ ಬೇಡ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವುದಕ್ಕೆ ನಿಷೇಧವಿದೆ. ಅಕ್ಕಿ, ಮೊಸರು, ತರಕಾರಿಗಳನ್ನು ಇನ್ವರ್ನೆಸ್‌ನ ದೊಡ್ಡ ಅಂಗಡಿಯಲ್ಲೇ ಕೊಂಡು ಹೊರಡಿ.

ಛತ್ರಿ ವ್ಯರ್ಥ, ಗಾಳಿ ಮೊದಲ ದಿನವೇ ಮಗುಚಿಹಾಕುತ್ತದೆ. ಟೋಪಿಯಿರುವ ಮಳೆಯಂಗಿ, ನೀರು ಹಿಡಿಯದ ಬೂಟು, ಜುಲೈನಲ್ಲೂ ಒಂದು ಉಣ್ಣೆಯ ಸ್ವೆಟರ್.

ಇನ್ನು ಮಿಜ್ ಎಂಬ ನೊರಜು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಗಾಳಿಯಿಲ್ಲದ ಮುಸ್ಸಂಜೆಗಳಲ್ಲಿ ಮೋಡದಂತೆ ಮುತ್ತುತ್ತವೆ. ರೋಗ ತರುವುದಿಲ್ಲ, ಆದರೆ ಐದು ನಿಮಿಷದಲ್ಲಿ ಹುಚ್ಚು ಹಿಡಿಸುತ್ತವೆ. ತಂಗಾಳಿ ಬೀಸುತ್ತಿದ್ದರೆ ಹಾರಲಾರವು. ಹಾಗಾಗಿ ಬುತ್ತಿ ಬಿಚ್ಚುವುದು ಗಾಳಿ ಬೀಸುವ ದಿಬ್ಬದ ಮೇಲೆ. ತಲೆ, ಮುಖ ಮುಚ್ಚುವ ಬಲೆ ಮತ್ತು ಮೈಗೆ ಹಚ್ಚಿಕೊಳ್ಳುವ ದ್ರವ ಅಲ್ಲಿನ ಅಂಗಡಿಗಳಲ್ಲೇ ಸಿಗುತ್ತವೆ. ಉಣುಗುಗಳನ್ನು ಮಾತ್ರ ಹಗುರವಾಗಿ ಕಾಣಬೇಡಿ. ಅವು ಲೈಮ್ ರೋಗ ಹರಡುತ್ತವೆ. ಹುಲ್ಲಿನಲ್ಲಿ ನಡೆದ ದಿನ ರಾತ್ರಿ ಮೊಣಕಾಲ ಹಿಂಭಾಗ, ಕಂಕುಳು ನೋಡಿಕೊಳ್ಳಿ, ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ.

ಮೊಬೈಲ್ ಸಿಗ್ನಲ್ ಗಂಟೆಗಟ್ಟಲೆ ಇರುವುದಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಕಾಯ್ದಿರಿಸಿದ ವಿಳಾಸಗಳನ್ನು ಕಾಗದದಲ್ಲಿ ಬರೆದಿಡಿ. ತುರ್ತಿಗೆ 999. ಕಾರ್ಡು ಬಹುತೇಕ ಎಲ್ಲ ಕಡೆ ನಡೆಯುತ್ತದೆ. ಆದರೂ ಜೇಬಿನಲ್ಲಿ ಚಿಲ್ಲರೆ ಇರಲಿ. ರಸ್ತೆಬದಿಯ ಗೇಟಿನ ಪಕ್ಕ ಮೊಟ್ಟೆ, ಮನೆಯಲ್ಲಿ ಸುಟ್ಟ ಕೇಕ್ ಇಟ್ಟ ಪೆಟ್ಟಿಗೆಗಳಿರುತ್ತವೆ, ಕಾಯುವವರಿಲ್ಲ. ಬೇಕಾದ್ದು ತೆಗೆದುಕೊಂಡು ಡಬ್ಬಿಗೆ ಕಾಸು ಹಾಕಬೇಕು. ಸ್ಕಾಟ್ಲೆಂಡಿನ ಮೂರು ಬ್ಯಾಂಕುಗಳು ತಮ್ಮದೇ ಪೌಂಡ್ ನೋಟು ಅಚ್ಚು ಹಾಕುತ್ತವೆ. ಅವನ್ನು ಊರಿಗೆ ತಂದರೆ ವಿನಿಮಯ ಅಂಗಡಿಯಲ್ಲಿ ತಕರಾರು ಬರಬಹುದು. ಇನ್ವರ್ನೆಸ್‌ನಲ್ಲಿ ಕಾರು ಒಪ್ಪಿಸುವ ಮುನ್ನ ಟ್ಯಾಂಕ್ ತುಂಬಿಸಬೇಕಲ್ಲ, ಉಳಿದ ನೋಟುಗಳನ್ನು ಅಲ್ಲೇ ಮುಗಿಸಿಬಿಡಿ.